ಬೇಲಿಯಿಲ್ಲದ ಬೆಟ್ಟದ ಕುರಿಗಳು

ಮ್ಯಾಂಚೆಸ್ಟರ್,
ಜುಲೈ, ಭಾನುವಾರ ರಾತ್ರಿ

ಪ್ರೀತಿಯ ಅವ್ವ, ಅಪ್ಪ,

ನಾನು ಚೆನ್ನಾಗಿದ್ದೀನಿ, ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೀನಿ. ಟೆಂಟಿನಲ್ಲಿ ಮಲಗಿ ಬೆಟ್ಟ ಹತ್ತೋಕೆ ಹೋಗ್ತೀವಿ ಅಂದಾಗ ಅವ್ವ ಫೋನಿನಲ್ಲಿ ಮಾತೇ ಆಡಲಿಲ್ಲ. ಹೋಗಿ ಬಂದದ್ದಾಯ್ತು ಅವ್ವ. ಮೀನಖಂಡ ಹಿಡಿದುಕೊಂಡಿರುವುದು ಬಿಟ್ಟರೆ ಏನೂ ಆಗಿಲ್ಲ. ಅಪ್ಪನಿಗೆ ಹೇಳಬೇಕಾದ ಮಾತೊಂದಿದೆ, ಅದಕ್ಕೇ ಕಾಗದ.

ಹೋದವರು ನಾಲ್ಕು ಜನ. ಹಾಸನದ ಗೆಳತಿ, ನಾನು, ನಮ್ಮ ಆಫೀಸಿನ ಇಬ್ಬರು ಇಲ್ಲಿಯ ಹುಡುಗಿಯರು. ಲೇಕ್ ಡಿಸ್ಟ್ರಿಕ್ಟ್ ಅಂತ ಬೆಟ್ಟ, ಕೆರೆಗಳ ಸೀಮೆ. ಅದರಲ್ಲಿ ವಾಸ್ಡೇಲ್ ಹೆಡ್ ಅನ್ನುವ ಕಣಿವೆಗೆ ಟಾರು ರಸ್ತೆ ಮುಗಿದುಹೋಗುತ್ತೆ. ಅಲ್ಲೇ ಟೆಂಟ್ ಹಾಕಿದೆವು. ಪಕ್ಕದಲ್ಲೇ ವಾಸ್ಟ್‌ವಾಟರ್ ಅನ್ನುವ ಸರೋವರ, ಇಂಗ್ಲೆಂಡಿನಲ್ಲೆಲ್ಲ ಇದೇ ಆಳ ಅಂತೆ, 79 ಮೀಟರ್. ನಮ್ಮ ಮಾರೇಹಳ್ಳಿ ಕೆರೆಯ ಹಾಗೆ ಯಾರೋ ಏರಿ ಕಟ್ಟಿದ್ದಲ್ಲ, ಹಿಮಗಡ್ಡೆ ಕಣಿವೆಯನ್ನೇ ಕೊರೆದು ಮಾಡಿದ್ದು. ರಾತ್ರಿ ಒಂಬತ್ತೂವರೆ ಆದರೂ ಬೆಳಕಿತ್ತು. ಮಳೆ ಮಾತ್ರ ಬಿಡಲಿಲ್ಲ. ಬೆಟ್ಟದ ಆಚೆ ಮಗ್ಗುಲಿನ ಒಂದು ಹಳ್ಳಿಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆಯಂತೆ. ನಮ್ಮ ಕಡೆ 700 ಬಿದ್ದರೆ ಒಳ್ಳೇ ವರ್ಷ.

ಹತ್ತಿದ್ದು ಸ್ಕಾಫೆಲ್ ಪೈಕ್, ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ, 978 ಮೀಟರ್. ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೆ ನಮ್ಮ ಚಾಮುಂಡಿ ಬೆಟ್ಟವೇ ಇದಕ್ಕಿಂತ ಎತ್ತರ. ಆದರೆ ಮೈಸೂರೇ 700 ಮೀಟರಿಗಿಂತ ಮೇಲಿದೆ, ಅಲ್ಲಿ ಮೆಟ್ಟಿಲು ಹತ್ತುವುದು 300 ಮೀಟರ್ ಆದೀತು. ಇಲ್ಲಿ ಸರೋವರದ ಮಟ್ಟದಿಂದಲೇ ಶುರು, ಪೂರಾ 900 ಮೀಟರ್ ಕಾಲಲ್ಲೇ ಏರಬೇಕು. ಮೊದಲರ್ಧ ಕಲ್ಲು ಹಾಸಿದ ದಾರಿ, ನಡುವೆ ಒಂದು ಹಳ್ಳ ದಾಟಬೇಕು. ಮೇಲೆ ಹೋಗುತ್ತಾ ಬರೀ ಬಂಡೆ ರಾಶಿ, ಅದರ ಮೇಲೆ ಮಂಜು. ಹತ್ತು ಮಾರು ಮುಂದಿದ್ದವಳು ಕಾಣುತ್ತಿರಲಿಲ್ಲ. ದಾರಿ ತಪ್ಪದಿರಲಿ ಅಂತ ಅಲ್ಲಲ್ಲಿ ಕಲ್ಲು ಗುಡ್ಡೆ ಹಾಕಿದ್ದಾರೆ. ಒಂದು ಗುಡ್ಡೆಯ ಹತ್ತಿರ ಒಬ್ಬಳು ನಿಂತು, ಮುಂದಿನದು ಸಿಕ್ಕಿತು ಅಂತ ಇನ್ನೊಬ್ಬಳು ಕೂಗಿದ ಮೇಲೆ ಹೊರಟು, ಹಾಗೇ ಏರಿದೆವು.

ತುದಿಯಲ್ಲಿ ಕಲ್ಲಿನ ದೊಡ್ಡ ಕಟ್ಟೆಯಿದೆ. ಮೊದಲನೇ ಮಹಾಯುದ್ಧದಲ್ಲಿ ಸತ್ತ ಈ ಸೀಮೆಯ ಹುಡುಗರ ನೆನಪಿಗೆ 1919ರಲ್ಲಿ ಈ ಶಿಖರವನ್ನು ಅದರ ಒಡೆಯರು ಜನಕ್ಕೇ ಬಿಟ್ಟುಕೊಟ್ಟರಂತೆ. ಗಾಳಿಗೆ ಬೆನ್ನು ಕೊಟ್ಟು ಕೂತು, ಅವ್ವ ಕಳಿಸಿದ ಹುರಿಹಿಟ್ಟಿಗೆ ಬೆಲ್ಲ, ಬಿಸಿನೀರು ಹಾಕಿ ಲೋಟದಲ್ಲೇ ಕಲಸಿ ಉಂಡೆ ಕಟ್ಟಿದೆ. ಅವರ ಚಾಕೊಲೇಟು ಚೀಲದಲ್ಲೇ ಉಳಿಯಿತು. ಇಳಿಯುವವರೆಗೂ ಯಾರಿಗೂ ಹಸಿವಾಗಲಿಲ್ಲ.

ಈಗ ಅಪ್ಪನ ವಿಷಯ. ಇಳಿಯುವಾಗ ಮಂಜು ಸರಿಯಿತು ನೋಡು, ಬಂಡೆಯ ಮರೆಯಲ್ಲಿ ಒಂದು ಕುರಿ, ಅದರ ಮರಿ. ತಾಯಿಯ ಮುಖ ಬೂದಿ ಬಳಿದ ಹಾಗೆ ಬೆಳ್ಳಗೆ, ಮೈಯೆಲ್ಲ ಬೂದು. ಮರಿ ಕಪ್ಪೋ ಕಪ್ಪು. ಹರ್ಡ್‌ವಿಕ್ ಅನ್ನುವ ಈ ತಳಿಯ ಮರಿ ಹುಟ್ಟುವಾಗ ಕಪ್ಪು, ವರ್ಷ ಕಳೆದ ಹಾಗೆ ಬೆಳ್ಳಗಾಗುತ್ತೆ. ಕುಳ್ಳು ಕಾಲು, ಗಟ್ಟಿ ಮೈ, ನೋಡಿದ ತಕ್ಷಣ ನಮ್ಮ ಬಂಡೂರು ಕುರಿಯೇ ಕಣ್ಣಿಗೆ ಬಂತು. ಪಕ್ಕೆಯ ಮೇಲೆ ಕೆಂಪು ಬಣ್ಣದ ಗುರುತು, ಕಿವಿಯಲ್ಲಿ ಒಂದು ಕಚ್ಚು. ಯಾವ ಗುರುತು ಯಾರ ಮಂದೆಯದು ಅಂತ ಅಚ್ಚು ಹಾಕಿಸಿದ ಪುಸ್ತಕವನ್ನೇ 1817ರಿಂದ ಇಟ್ಟುಕೊಂಡಿದ್ದಾರೆ.

ಕೆಳಗೆ ಗೇಟಿನ ಹತ್ತಿರ ಕುರಿಯವನೊಬ್ಬ ಸಿಕ್ಕ, ನಿನ್ನ ವಯಸ್ಸಿನವನೇ. ನಮ್ಮ ಮನೆಯಲ್ಲೂ ಕುರಿ ಇದೆ ಅಂದಿದ್ದೇ ತಡ, ಮಳೆಯಲ್ಲೇ ನಿಂತು ಮಾತಿಗಿಳಿದ. ಮೇಲೆ ಬೆಟ್ಟಕ್ಕೆ ಬೇಲಿಯಿಲ್ಲ, ಕಾಯುವವರೂ ಇಲ್ಲ. ಆದರೂ ಒಬ್ಬನ ಮಂದೆ ಇನ್ನೊಬ್ಬನ ಮಗ್ಗುಲಿಗೆ ಹೋಗಲ್ಲ. ಇಲ್ಲಿಂದ ಇಲ್ಲಿಗೆ ನಮ್ಮ ಜಾಗ ಅಂತ ತಾಯಿಯ ಹಿಂದೆ ತಿರುಗಿ ಮರಿ ಕಲಿಯುತ್ತೆ, ಅದರ ಮರಿ ಅದರಿಂದ. ಗೇಣಿಯವನು ಜಮೀನು ಬಿಟ್ಟು ಹೋದರೂ ಮಂದೆ ಅಲ್ಲೇ ಇರಬೇಕಂತೆ, ಹೊಸ ಕುರಿ ತಂದು ಬಿಟ್ಟರೆ ನಿಲ್ಲಲ್ಲ. 2001ರಲ್ಲಿ ಕಾಲುಬಾಯಿ ರೋಗ ಬಂದಾಗ ದೇಶದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿ ಕೊಂದರು. ಈ ತಳಿಯ ಎಷ್ಟೋ ಮಂದೆಗಳೂ ಹೋದವು. ಆಮೇಲೆ ಹೊಸ ಮಂದೆಗೆ ಜಾಗ ಕಲಿಸೋಕೆ ಜನ ಬೆಟ್ಟದ ಮೇಲೇ ನಿಂತು ಕಾದರಂತೆ. ಉಣ್ಣೆ ಕತ್ತರಿಸುವ ಕೂಲಿಯೂ ಉಣ್ಣೆಯಿಂದ ಹುಟ್ಟಲ್ಲ ಅಂದ. ಮತ್ತೆ ಯಾಕೆ ಸಾಕ್ತೀರಿ ಅಂದೆ. ಈ ಬೆಟ್ಟದಲ್ಲಿ, ಈ ಚಳಿಯಲ್ಲಿ ಇದೇ ಬದುಕೋದು, ಬೇರೆಯದು ತಂದರೆ ಸಾಯುತ್ತೆ ಅಂದ.

ಅಪ್ಪ, ಉಳಿದಿರುವ ಬಂಡೂರು ಕುರಿ ಮಾರಿ, ಬೇಗ ತೂಕ ಬರುವ ಹೊರಗಿನ ಕುರಿ ತರ್ತೀನಿ ಅಂದೆಯಲ್ಲ, ಅದನ್ನು ಸಂಕ್ರಾಂತಿಯವರೆಗೆ ತಡೆ. ಆ ತಳಿ ಹುಟ್ಟಿದ್ದೇ ನಮ್ಮ ಮಳವಳ್ಳಿ ಸೀಮೆಯಲ್ಲಿ. ಅಪ್ಪಟ ಬಂಡೂರು ಎಷ್ಟು ಕಡಿಮೆಯಾಗಿದೆ ಅಂತ ನನಗಿಂತ ನಿನಗೇ ಗೊತ್ತು. ನೀನೂ ಬಿಟ್ಟರೆ ನಮ್ಮ ಬೀದಿಯಲ್ಲಿ ಇಟ್ಟುಕೊಂಡವರು ಯಾರು ಹೇಳು? ಮೇವಿಗೆ, ಔಷಧಿಗೆ ಪ್ರತಿ ತಿಂಗಳೂ ದುಡ್ಡು ನಾನು ಹಾಕ್ತೀನಿ. ಧನಗೂರಿನ ಕುರಿ ಫಾರಂಗೆ ಒಂದು ಸಲ ಹೋಗಿ, ಅಪ್ಪಟ ತಳಿಯ ಟಗರು ಕೊಡ್ತಾರಾ, ಏನು ಬೆಲೆ ಅಂತ ವಿಚಾರಿಸು. ತಮ್ಮನ ಕೈಲಿ ನಮ್ಮ ಕುರಿಗಳ ಫೋಟೊ ತೆಗೆಸಿ ಕಳಿಸು, ಆ ಕುರಿಯವನಿಗೆ ತೋರಿಸ್ತೀನಿ ಅಂತ ಮಾತು ಕೊಟ್ಟು ಬಂದಿದ್ದೀನಿ.

ಅಜ್ಜಿಗೆ ನಮಸ್ಕಾರ ಹೇಳಿ. ಅವ್ವ, ಮಂಡಿನೋವಿನ ಮಾತ್ರೆ ನಿಲ್ಲಿಸಬೇಡ. ಟಗರಿನ ವಿಷಯ ಏನಾಯ್ತು ಅಂತ ಬೇಗ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು