ವರ್ಜೀನಿಯಾ ವುಲ್ಫ್ ಮತ್ತು ಒಮ್ಮತಕ್ಕೆ ಬಾರದ ಓದುಗರು: ಕಿರಿಯ ಬರಹಗಾರರೊಬ್ಬರಿಗೆ ಪತ್ರ

ಪ್ರೀತಿಯ ಕಿರಿಯ ಮಿತ್ರರಿಗೆ, ಶುಭಾಶಯಗಳು.

ನಿಮ್ಮ ಕಾಗದ ತಲುಪಿತು. ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಅವರ ‘ಮಿಸೆಸ್ ಡಾಲೋವೇ’ ಕಾದಂಬರಿಯನ್ನು ನಿಮ್ಮ ಓದುಗ ಗೆಳೆಯರಲ್ಲಿ ಕೆಲವರು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಾರೆ, ಇನ್ನು ಕೆಲವರು ಮೊದಲ ಕೆಲವು ಪುಟ ದಾಟಲಾರದೆ ಮುಚ್ಚಿಟ್ಟಿದ್ದಾರೆ ಎಂದು ಬರೆದಿದ್ದೀರಿ. ಇವರಲ್ಲಿ ಯಾರ ಮಾತು ಸರಿ, ಈಗಷ್ಟೇ ಬರೆಯಲು ತೊಡಗಿರುವ ನೀವು ಯಾರ ಮಾತಿಗೆ ಕಿವಿಗೊಡಬೇಕು ಎಂಬುದು ನಿಮ್ಮ ಪ್ರಶ್ನೆ. ಪಕ್ಷ ಹಿಡಿಯುವ ಅವಸರ ಬೇಡ ಎಂಬುದೇ ನನ್ನ ಮೊದಲ ಮಾತು. ಪುಸ್ತಕದ ಯಾವ ಪುಟದಲ್ಲಿ, ಸಾಧ್ಯವಾದರೆ ಯಾವ ವಾಕ್ಯದಲ್ಲಿ, ಓದುಗರ ದಾರಿ ಕವಲೊಡೆಯುತ್ತದೆ ಎಂಬುದನ್ನು ಪತ್ತೆಹಚ್ಚಿ. ಬರೆಯುವವರಿಗೆ ಉಪಯೋಗಕ್ಕೆ ಬರುವ ವಿಮರ್ಶೆ ಆ ಜಾಗದಲ್ಲಿ ಸಿಗುತ್ತದೆ. ವುಲ್ಫ್ ವಿಷಯದಲ್ಲಂತೂ ಅಂಥ ಜಾಗಗಳನ್ನು ಬೆರಳಿಟ್ಟು ತೋರಿಸಬಹುದು.

1919ರಲ್ಲಿ ಅವರ ಎರಡನೆಯ ಕಾದಂಬರಿ ‘ನೈಟ್ ಅಂಡ್ ಡೇ’ ಪ್ರಕಟವಾಯಿತು. ಕ್ರಮಬದ್ಧವಾದ ಕಥೆ, ಪ್ರೇಮ, ಮದುವೆಯ ಮಾತುಕತೆ, ಚಹಾಕೂಟಗಳು ಎಲ್ಲವೂ ಅದರಲ್ಲಿವೆ. ಅದನ್ನು ವಿಮರ್ಶಿಸಿದ ಕಥೆಗಾರ್ತಿ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಕೃತಿಯ ಕುಶಲತೆಯನ್ನು ಮೆಚ್ಚಿದರೂ, ಇಂಥ ಕಾದಂಬರಿಯನ್ನು ಮತ್ತೆ ಕಾಣುತ್ತೇವೆಂದು ತಾವು ಅಂದುಕೊಂಡಿರಲಿಲ್ಲ ಎಂಬರ್ಥದ ಮಾತನ್ನು ಬರೆದರು. ಮಹಾಯುದ್ಧವೊಂದು ಮುಗಿದು ಲಕ್ಷಾಂತರ ಯುವಕರು ಮಣ್ಣಾದ ಮೇಲೂ, ಏನೂ ನಡೆದೇ ಇಲ್ಲವೆಂಬಂತೆ ಕಾದಂಬರಿ ಬರೆಯುವುದು ಹೇಗೆ ಎಂಬುದು ಅವರ ಆಕ್ಷೇಪದ ತಿರುಳು. ಹಿಂದಿನ ವರ್ಷವಷ್ಟೇ ಮ್ಯಾನ್ಸ್‌ಫೀಲ್ಡ್ ಅವರ ದೀರ್ಘ ಕಥೆಯೊಂದನ್ನು ವುಲ್ಫ್ ದಂಪತಿ ತಮ್ಮ ಹೊಗಾರ್ತ್ ಪ್ರೆಸ್ಸಿನಿಂದ ಹೊರತಂದಿದ್ದರು. ತಾವೇ ಪ್ರಕಟಿಸಿದ್ದ ಲೇಖಕಿಯಿಂದ ಬಂದ ಈ ಮಾತು ವುಲ್ಫ್ ಅವರನ್ನು ಬಹಳ ನೋಯಿಸಿತು.

ಮೂರು ವರ್ಷಗಳ ನಂತರ, 1922ರಲ್ಲಿ, ‘ಜೇಕಬ್ಸ್ ರೂಮ್’ ಬಂದಿತು. ಇಲ್ಲಿ ಕಥೆಯ ಕಟ್ಟು ಸಡಿಲವಾಗಿದೆ. ಜೇಕಬ್ ಎಂಬ ಯುವಕನನ್ನು ನಾವು ಬೇರೆಯವರ ಕಣ್ಣಿನಲ್ಲಿ, ಅರ್ಧಂಬರ್ಧ, ಬಾಗಿಲ ಸಂದಿಯಿಂದ ಎಂಬಂತೆ ನೋಡುತ್ತೇವೆ. ಆಗ ಇಂಗ್ಲಿಷ್ ಕಾದಂಬರಿಯ ಹಿರಿಯರಲ್ಲಿ ಒಬ್ಬರಾಗಿದ್ದ ಅರ್ನಾಲ್ಡ್ ಬೆನೆಟ್ 1923ರ ಲೇಖನವೊಂದರಲ್ಲಿ, ಪುಸ್ತಕ ಜಾಣತನದಿಂದ ತುಂಬಿದೆ, ಆದರೆ ಅದರ ಪಾತ್ರಗಳು ಮನಸ್ಸಿನಲ್ಲಿ ಉಳಿದು ಬಾಳುವುದಿಲ್ಲ ಎಂದು ಆಕ್ಷೇಪಿಸಿದರು. ನಾಲ್ಕೇ ವರ್ಷಗಳ ಅಂತರದಲ್ಲಿ ಒಬ್ಬ ಲೇಖಕಿ ಹಳೆಯದನ್ನು ಬಿಡಲೊಲ್ಲಳು ಎಂಬ ದೂರನ್ನೂ, ಹಳೆಯದನ್ನು ಬಿಟ್ಟು ಕೆಟ್ಟಳು ಎಂಬ ದೂರನ್ನೂ ಕೇಳಬೇಕಾಯಿತು. ಎರಡನ್ನೂ ಹೇಳಿದವರು ನುರಿತ ಬರಹಗಾರರೇ.

ಬೆನೆಟ್ ಅವರ ಆಕ್ಷೇಪವನ್ನು ಸ್ವಲ್ಪ ನಿಂತು ನೋಡೋಣ. ಕಾದಂಬರಿಯ ಕೊನೆಯಲ್ಲಿ ಜೇಕಬ್ ಇಲ್ಲ, ಯುದ್ಧದಲ್ಲಿ ಸತ್ತಿದ್ದಾನೆ. ಸತ್ತನೆಂದು ಲೇಖಕಿ ಬಾಯಿಬಿಟ್ಟು ಹೇಳುವುದೂ ಇಲ್ಲ. ಅವನ ಕೋಣೆಯಲ್ಲಿ ತಾಯಿ ಬೆಟ್ಟಿ ಫ್ಲಾಂಡರ್ಸ್ ಮಗನ ಹಳೆಯ ಬೂಟುಗಳ ಜೋಡಿಯೊಂದನ್ನು ಎತ್ತಿಹಿಡಿದು, ಇವನ್ನು ನಾನೇನು ಮಾಡಲಿ ಎಂದು ಅವನ ಗೆಳೆಯನನ್ನು ಕೇಳುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ವುಲ್ಫ್ ಅವರ ಅಣ್ಣ ಥೋಬಿ 1906ರಲ್ಲಿ ವಿಷಮಶೀತ ಜ್ವರದಿಂದ ಇಪ್ಪತ್ತಾರರ ಹರೆಯದಲ್ಲೇ ತೀರಿಕೊಂಡಿದ್ದರು. ಜೇಕಬ್‌ನ ಹಿಂದೆ ಅವರ ನೆರಳಿದೆ. ಪೂರ್ತಿ ತಿಳಿಯುವ ಮೊದಲೇ ಕೈಬಿಟ್ಟುಹೋದ ಹುಡುಗನನ್ನು ಕುರಿತ ಕಾದಂಬರಿಯಲ್ಲಿ ಆ ಹುಡುಗ ಪೂರ್ತಿಯಾಗಿ ಸಿಕ್ಕುವುದಿಲ್ಲ ಎಂಬುದು ಬೆನೆಟ್ ಅವರ ದೂರಾದರೆ, ಅದೇ ಅಲಭ್ಯತೆ ಪುಸ್ತಕದ ದುಃಖ. ಬೆನೆಟ್ ತಪ್ಪಾಗಿ ಓದಲಿಲ್ಲ, ಕಂಡದ್ದನ್ನೇ ಹೇಳಿದರು. ಪಾತ್ರದ ಒಡನಾಟ ಬೇಕೆಂದು ಕಾದಂಬರಿಗೆ ಬರುವ ಓದುಗರನ್ನು ಕಳೆದುಕೊಂಡೇ ಆ ಕೊನೆಯ ಪುಟವನ್ನು ಪಡೆಯಬೇಕಿತ್ತು. ವುಲ್ಫ್ ಆ ಬೆಲೆ ತೆತ್ತರು. ಅವರು ತೆತ್ತದ್ದು ಸರಿಯೆಂದೇ ನನ್ನ ತೀರ್ಮಾನ. ಆದರೆ ಬೆಲೆಯೇ ಇರಲಿಲ್ಲವೆಂದು ಅವರ ಅಭಿಮಾನಿಗಳು ವಾದಿಸಿದಾಗ ನಾನು ಒಪ್ಪಲಾರೆ.

ಈ ಆಕ್ಷೇಪವನ್ನು ವುಲ್ಫ್ ಮನಸ್ಸಿಗೆ ಹಚ್ಚಿಕೊಂಡು 1924ರಲ್ಲಿ ಪ್ರಬಂಧವೊಂದನ್ನೇ ಬರೆದರು. ರಿಚ್ಮಂಡ್‌ನಿಂದ ವಾಟರ್ಲೂಗೆ ಹೋಗುವ ರೈಲಿನ ಡಬ್ಬಿಯ ಮೂಲೆಯಲ್ಲಿ ಕುಳಿತ ವೃದ್ಧೆಯೊಬ್ಬಳನ್ನು ಕಲ್ಪಿಸಿಕೊಂಡು, ಹಿರಿಯ ಕಾದಂಬರಿಕಾರರು ಆಕೆಯ ಮನೆ, ಬಾಡಿಗೆ, ಊರು ಎಲ್ಲವನ್ನೂ ವರ್ಣಿಸಿಯಾರು, ಆಕೆಯನ್ನು ಮಾತ್ರ ನೋಡಲಾರರು ಎಂದು ವಾದಿಸಿದರು. ಪ್ರಬಂಧ ಅದ್ಭುತವಾಗಿದೆ, ಬೆನೆಟ್‌ಗೆ ಅನ್ಯಾಯವನ್ನೂ ಮಾಡುತ್ತದೆ. ಅವರ ‘ದಿ ಓಲ್ಡ್ ವೈವ್ಸ್ ಟೇಲ್’ ಓದಿದರೆ ಇಬ್ಬರು ಅಕ್ಕತಂಗಿಯರು ಮುದುಕಿಯರಾಗುವುದನ್ನು ಆತ ಎಷ್ಟು ಕರುಳಿನಿಂದ ನೋಡಿದ್ದಾರೆಂಬುದು ತಿಳಿಯುತ್ತದೆ. 1931ರಲ್ಲಿ ಬೆನೆಟ್ ತೀರಿಕೊಂಡಾಗ, ತಾನು ಎಣಿಸಿದ್ದಕ್ಕಿಂತ ಹೆಚ್ಚು ದುಃಖವಾಗುತ್ತಿದೆ ಎಂದು ವುಲ್ಫ್ ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ಎದುರಾಳಿಯ ಮಾತು ಕೆಲಸಕ್ಕೆ ಬಂದಿತ್ತೆಂಬುದು ಅವರಿಗೆ ಗೊತ್ತಿತ್ತೆಂದು ನನಗನ್ನಿಸುತ್ತದೆ.

ಓದುಗರು ಬೇರೆಯಾಗುವ ಇನ್ನೊಂದು ಜಾಗ 1927ರ ‘ಟು ದ ಲೈಟ್‌ಹೌಸ್’ ಕಾದಂಬರಿಯಲ್ಲಿದೆ. ಅದರ ಅರ್ಧಕ್ಕೂ ಹೆಚ್ಚು ಭಾಗ ಒಂದೇ ದಿನದ ಮಧ್ಯಾಹ್ನದಿಂದ ರಾತ್ರಿಯವರೆಗಿನ ಕಥೆ. ದೀಪಸ್ತಂಭದ ಕಾವಲುಗಾರನ ಕಾಯಿಲೆಯ ಮಗನಿಗೆಂದು ಮಿಸೆಸ್ ರಾಮ್ಸೆ ಕಾಲುಚೀಲ ಹೆಣೆಯುತ್ತಾರೆ. ಅಳತೆ ನೋಡಲು ತಮ್ಮ ಮಗನ ಕಾಲಿಗೆ ಅದನ್ನು ಹಿಡಿದು, ಅಲುಗಾಡಬೇಡ ಎಂದು ಗದರುತ್ತಾರೆ. ಇಷ್ಟೇ ಘಟನೆ, ಅದರ ನಡುವೆ ಮನೆಯ ಸವೆದ ಕುರ್ಚಿಗಳು, ತೆರೆದೇ ಇರುವ ಬಾಗಿಲುಗಳು, ದೂರದಲ್ಲಿರುವ ತನ್ನ ತಂದೆ ಬದುಕಲಾರನೆಂದು ಅಳುವ ಕೆಲಸದ ಹುಡುಗಿ ಎಲ್ಲವೂ ಹರಿದುಬರುತ್ತವೆ. ನಂತರದ ಭಾಗದಲ್ಲಿ ಹತ್ತು ವರ್ಷಗಳು ಕೆಲವೇ ಪುಟಗಳಲ್ಲಿ ಕಳೆದುಹೋಗುತ್ತವೆ, ಮತ್ತು ನಾವು ಅಷ್ಟು ಹೊತ್ತು ಒಡನಾಡಿದ ಆ ತಾಯಿಯ ಸಾವು ಚೌಕ ಆವರಣದೊಳಗಿನ ಒಂದು ಟಿಪ್ಪಣಿಯಂತೆ ಬರುತ್ತದೆ. ನಸುಕಿನ ಕತ್ತಲಲ್ಲಿ ಗಂಡ ಮನೆಯೊಳಗಿನ ಓಣಿಯಲ್ಲಿ ಮುಗ್ಗರಿಸುತ್ತ ತೋಳು ಚಾಚುತ್ತಾನೆ; ಹೆಂಡತಿ ಹಿಂದಿನ ರಾತ್ರಿ ಹಠಾತ್ತನೆ ತೀರಿಕೊಂಡಿದ್ದರಿಂದ ತೋಳುಗಳು ಬರಿದಾಗಿಯೇ ಉಳಿಯುತ್ತವೆ. ಹೆರಿಗೆಯ ತೊಂದರೆಯಿಂದ ಸಾಯುವ ಮಗಳಿಗೂ, ಫ್ರಾನ್ಸಿನಲ್ಲಿ ಶೆಲ್ ಸ್ಫೋಟಕ್ಕೆ ಬಲಿಯಾಗುವ ಮಗನಿಗೂ ಅಂಥದೇ ಆವರಣ.

ಇದು ನಿರ್ದಯ ಬರವಣಿಗೆ, ಮನುಷ್ಯರ ಸಾವಿಗಿಂತ ಖಾಲಿ ಮನೆಯ ಧೂಳಿಗೆ ಹೆಚ್ಚು ಜಾಗ ಕೊಟ್ಟಿದ್ದಾರೆ ಎಂದು ಕೋಪಗೊಳ್ಳುವ ಓದುಗರಿದ್ದಾರೆ. ಸಾವು ಬರುವುದೇ ಹಾಗೆ, ನಾವು ಬೇರೆ ಕಡೆ ನೋಡುತ್ತಿರುವಾಗ ಎಂದು ಉಸಿರು ಬಿಗಿಹಿಡಿದು ಓದುವವರೂ ಇದ್ದಾರೆ. ನಾನು ಎರಡನೆಯವರ ಜೊತೆ. ಆದರೆ ನೀವು ಗಮನಿಸಬೇಕಾದ ಸಂಗತಿ ಬೇರೆ: ಇಂಗ್ಲೆಂಡ್ ಮತ್ತು ಅಮೆರಿಕದ ಮೊದಲ ಆವೃತ್ತಿಗಳಲ್ಲಿ ತೋಳು ಚಾಚುವ ಆ ವಾಕ್ಯ ಒಂದೇ ರೀತಿ ಇಲ್ಲ. ಒಂದರಲ್ಲಿ ತೋಳು ಚಾಚುವ ಮಾತು ಎರಡು ಸಲ ಬಂದು, ‘ಅವು ಬರಿದಾಗಿಯೇ ಉಳಿದವು’ ಎಂಬುದು ಪ್ರತ್ಯೇಕ ವಾಕ್ಯವಾಗಿ ನಿಲ್ಲುತ್ತದೆ. ಇನ್ನೊಂದರಲ್ಲಿ ಎಲ್ಲವೂ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಓದುಗರು ನಿರ್ದಯ ಎಂದು ದೂರುವ ಆ ಸಾಲು ಉದಾಸೀನದಿಂದ ಹುಟ್ಟಿದ್ದಲ್ಲ, ಅಲ್ಪವಿರಾಮದವರೆಗೂ ತೂಗಿ ನೋಡಿದ್ದು. ನಿಮ್ಮ ಕಥೆಯ ಒಂದು ತಿರುವು ಓದುಗರಿಗೆ ತಣ್ಣಗೆ ಕಂಡಿತೆಂದರೆ, ಆ ಸಾಲನ್ನು ಇಷ್ಟು ತೂಗಿದ್ದೇನೆಯೇ ಎಂದು ಮೊದಲು ಕೇಳಿಕೊಳ್ಳಿ. ತೂಗಿದ್ದರೆ ಉಳಿಸಿಕೊಳ್ಳಿ.

ವರ್ಗದ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು, ಅಲ್ಲಿ ನನಗೂ ಪೂರ್ತಿ ಸಮಾಧಾನವಿಲ್ಲ. 1938ರಲ್ಲಿ ವಿಮರ್ಶಕಿ ಕ್ಯೂ. ಡಿ. ಲೀವಿಸ್ ‘ಸ್ಕ್ರೂಟಿನಿ’ ಪತ್ರಿಕೆಯಲ್ಲಿ ವುಲ್ಫ್ ಅವರನ್ನು ಕಟುವಾಗಿ ಟೀಕಿಸಿದರು: ಮನೆಗೆಲಸ, ಮಕ್ಕಳ ಆರೈಕೆ, ದುಡಿಮೆ ಯಾವುದನ್ನೂ ತಾನಾಗಿ ಮಾಡಿ ಗೊತ್ತಿಲ್ಲದ ಮೇಲುವರ್ಗದ ಹೆಂಗಸೊಬ್ಬರು ಎಲ್ಲ ಹೆಂಗಸರ ಪರವಾಗಿ ಮಾತನಾಡುತ್ತಿದ್ದಾರೆ ಎಂದು. ಇದನ್ನು ಇಟ್ಟುಕೊಂಡು ‘ಮಿಸೆಸ್ ಡಾಲೋವೇ’ಗೆ ಬನ್ನಿ. ಗಂಡನ ಸಮಿತಿ ನೆರವಾಗಹೊರಟಿರುವುದು ಅರ್ಮೇನಿಯನ್ನರಿಗೋ ಅಲ್ಬೇನಿಯನ್ನರಿಗೋ ಎಂಬುದೂ ಕಥಾನಾಯಕಿ ಕ್ಲಾರಿಸಾ ಡಾಲೋವೇಗೆ ಸರಿಯಾಗಿ ನೆನಪಿಲ್ಲ. ಅವಳಿಗೆ ತನ್ನ ಗುಲಾಬಿಗಳೇ ಹೆಚ್ಚು. ಇಲ್ಲಿ ಲೇಖಕಿಯ ಕಣ್ಣು ತೆರೆದಿದೆ, ಕ್ಲಾರಿಸಾಳ ಕುರುಡನ್ನು ನಮಗೆ ತೋರಿಸುತ್ತಿದೆ. ಅದೇ ಪುಸ್ತಕದಲ್ಲಿ ಮಿಸ್ ಕಿಲ್ಮನ್ ಎಂಬ ಬಡ ಶಿಕ್ಷಕಿ ಬರುತ್ತಾಳೆ. ಜರ್ಮನರೆಲ್ಲ ದುಷ್ಟರೆಂದು ಒಪ್ಪದ ಕಾರಣಕ್ಕೆ ಯುದ್ಧಕಾಲದಲ್ಲಿ ಕೆಲಸ ಕಳೆದುಕೊಂಡವಳು, ಇದ್ದೊಂದು ಮಳೆಕೋಟು ತೊಟ್ಟವಳು, ಅಂಗಡಿಯ ಉಪಾಹಾರಗೃಹದಲ್ಲಿ ಕುಳಿತು ಕೇಕು ತಿನ್ನುವವಳು. ಆ ತಿನ್ನುವಿಕೆಯನ್ನು ವುಲ್ಫ್ ವರ್ಣಿಸುವಾಗ ಕರುಣೆಗಿಂತ ಹೇಸಿಗೆ ಮೇಲಾಗುತ್ತದೆ. ಈ ಪುಟಗಳಲ್ಲಿ ಆಕ್ಷೇಪಿಸುವವರು ಸರಿ ಎಂದೇ ನಾನು ಹೇಳುತ್ತೇನೆ. ಯುದ್ಧದಿಂದ ಮನಸ್ಸು ಒಡೆದುಹೋದ ಸೆಪ್ಟಿಮಸ್‌ನೊಳಗೆ ಅಷ್ಟು ಆಳಕ್ಕೆ ಇಳಿಯಬಲ್ಲ ಲೇಖಕಿ, ಇವಳ ಮೈವಾಸನೆಯ ಹತ್ತಿರವೇ ನಿಂತುಬಿಡುತ್ತಾರೆ.

ನಮಗೆ ಇನ್ನೂ ಹತ್ತಿರದ ಒಂದು ಸಂಗತಿಯಿದೆ. 1929ರ ‘ಎ ರೂಮ್ ಆಫ್ ಒನ್ಸ್ ಓನ್’ ಪುಸ್ತಕದಲ್ಲಿ, ಬರೆಯುವ ಹೆಣ್ಣಿಗೆ ವರ್ಷಕ್ಕೆ 500 ಪೌಂಡು ಮತ್ತು ತನ್ನದೇ ಆದ ಕೋಣೆ ಬೇಕೆನ್ನುವ ನಿರೂಪಕಿಗೆ ಆ ಹಣ ಬರುವುದು ಎಲ್ಲಿಂದ? ಬೊಂಬಾಯಿಯಲ್ಲಿ ಗಾಳಿಸೇವನೆಗೆ ಹೊರಟು ಕುದುರೆಯಿಂದ ಬಿದ್ದು ಸತ್ತ ಸೋದರತ್ತೆಯ ಆಸ್ತಿಯಿಂದ. ಕಲ್ಪಿತ ಅತ್ತೆಯೇ ನಿಜ, ಆದರೂ ಆ ಊರಿನ ಹೆಸರು ಬಂದಲ್ಲಿ ಭಾರತೀಯ ಓದುಗರು ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರರು. ಆ ಪುಸ್ತಕವನ್ನು ಹಾಗೆ ನಿಂತು ಓದಿದ ಅತ್ಯುತ್ತಮ ಓದುಗರಲ್ಲಿ ಒಬ್ಬರು ಅಮೆರಿಕದ ಕಪ್ಪು ಲೇಖಕಿ ಆಲಿಸ್ ವಾಕರ್. ಕೋಣೆಯ ಮಾತು ಹಾಗಿರಲಿ, ತನ್ನ ದೇಹದ ಒಡೆತನವೂ ಇಲ್ಲದಿದ್ದ ಹದಿನೆಂಟನೆಯ ಶತಮಾನದ ಗುಲಾಮ ಕವಯಿತ್ರಿ ಫಿಲಿಸ್ ವೀಟ್ಲಿ ಬಗ್ಗೆ ಏನು ಹೇಳುತ್ತೀರಿ ಎಂದು ಅವರು 1974ರ ಪ್ರಬಂಧದಲ್ಲಿ ಕೇಳಿದರು. ವುಲ್ಫ್ ಅವರ ಮಾತನ್ನು ಉದ್ಧರಿಸಿ, ಅದರ ನಡುನಡುವೆಯೇ ಆವರಣ ಹಾಕಿ ಬಿಟ್ಟುಹೋದದ್ದನ್ನು ತುಂಬಿದರು. ಮೆಚ್ಚುವುದು ಮತ್ತು ಆಕ್ಷೇಪಿಸುವುದು ಇಲ್ಲಿ ಒಂದೇ ಕೆಲಸವಾಗಿದೆ. ಬರಹಗಾರರಾಗಿ ನೀವು ಹೀಗೆ ಓದುವುದನ್ನು ರೂಢಿಸಿಕೊಳ್ಳಬೇಕೆಂದು ನನ್ನ ಬಯಕೆ.

ವುಲ್ಫ್ ತಾವೂ ಇತರರನ್ನು ಓದುವಾಗ ಸದಾ ನ್ಯಾಯವಾಗಿ ನಡೆದುಕೊಂಡವರಲ್ಲ. 1918ರಲ್ಲಿ ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ ಅವರ ‘ಯುಲಿಸೀಸ್’ ಹಸ್ತಪ್ರತಿಯನ್ನು ಅಚ್ಚು ಹಾಕಬಹುದೇ ಎಂಬ ಕೇಳಿಕೆ ಅವರ ಪುಟ್ಟ ಮುದ್ರಣಾಲಯಕ್ಕೆ ಬಂದಿತ್ತು. ಕೈಯಿಂದ ಅಚ್ಚುಮೊಳೆ ಜೋಡಿಸುವ ಯಂತ್ರದಲ್ಲಿ ಅಷ್ಟು ದೊಡ್ಡ ಪುಸ್ತಕ ಅಸಾಧ್ಯವಾಗಿತ್ತು, ನಿರಾಕರಿಸಿದರು. ಆದರೆ 1922ರಲ್ಲಿ ಅದನ್ನು ಓದುತ್ತ ದಿನಚರಿಯಲ್ಲಿ ಬರೆದುಕೊಂಡ ಮಾತುಗಳಲ್ಲಿ ಜಾಯ್ಸ್ ಅವರ ಹುಟ್ಟು, ಶಿಕ್ಷಣವನ್ನು ಹಿಡಿದು ಹೀಗಳೆಯುವ ಧಾಟಿಯಿದೆ. ಅದಕ್ಕೆ ಮೂರು ವರ್ಷ ಹಿಂದೆ ಅದೇ ಜಾಯ್ಸ್ ಅವರನ್ನು ಪತ್ರಿಕೆಯಲ್ಲಿ ಹೊಗಳಿದ್ದರು.

ಇನ್ನು ನಿಮ್ಮ ಕಥೆ. ಅರ್ಥವಾಗಲಿಲ್ಲವೆಂದವರಿಗೆ ವುಲ್ಫ್ ಹೆಸರನ್ನು ಗುರಾಣಿಯಾಗಿ ಹಿಡಿದು ಉತ್ತರಿಸಿದ್ದೀರೆಂದು ಕಾಗದದ ಕೊನೆಯಲ್ಲಿ ಬರೆದಿದ್ದೀರಿ. ಹಾಗೆ ಮಾಡಬೇಡಿ. ಅವರು 1904ರ ಕೊನೆಯಿಂದಲೇ ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದರು. ಮೊದಲ ಕಾದಂಬರಿ ಬಂದದ್ದು 1915ರಲ್ಲಿ. ಹಳೆಯ ರೀತಿಯ ಎರಡು ಕಾದಂಬರಿಗಳನ್ನು ಪೂರ್ತಿ ಬರೆದು ಮುಗಿಸಿದ ಮೇಲೆ ಆ ಕಟ್ಟನ್ನು ಬಿಚ್ಚಿದರು. ಜೊತೆಗೆ ಸ್ವಂತ ಪ್ರೆಸ್ ಇತ್ತು. ಇಂಗ್ಲೆಂಡಿನಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯಲು ಸ್ವತಂತ್ರಳಾದ ಹೆಂಗಸು ತಾನೊಬ್ಬಳೇ ಎಂದು 1925ರಲ್ಲಿ ಬರೆದುಕೊಳ್ಳುವಷ್ಟು ಅನುಕೂಲವಿತ್ತು. ಅರ್ಥವಾಗಲಿಲ್ಲವೆಂದ ಗೆಳೆಯರ ಬಳಿ ಕಥೆಯ ಪ್ರತಿಯನ್ನು ಮತ್ತೆ ಒಯ್ದು, ಎಲ್ಲಿ ಕೈಬಿಟ್ಟಿರಿ ಎಂದು ಕೇಳಿ, ಆ ಸಾಲಿನ ಎದುರು ಅಂಚಿನಲ್ಲಿ ಗುರುತು ಹಾಕಿಸಿಕೊಳ್ಳಿ. ಮೆಚ್ಚಿದವರಿಂದಲೂ ಹಾಗೆಯೇ ಗುರುತು ಹಾಕಿಸಿ. ಎರಡು ಗುರುತುಗಳೂ ಒಂದೇ ಸಾಲಿನ ಮೇಲೆ ಬಿದ್ದಿದ್ದರೆ ಆ ಸಾಲನ್ನು ತಿದ್ದುವ ಮೊದಲು ಪ್ರತಿಯನ್ನು ನನಗೆ ಕಳಿಸಿ, ಮಾತಾಡೋಣ.

ಇತಿ ನಿಮ್ಮ ಹಿತೈಷಿ