ಭಾನುವಾರ ಸೇರೋಣ: ಗುಟ್ಟಾಗಿ ಹುಡುಕುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಸಿಗೋಣ.

ಮಾತಾಡುವ ವಿಷಯ ಇದು: ನಾವು ಡೇಟಾಬೇಸ್‌ನಲ್ಲಿ ಏನು ಹುಡುಕಿದೆವು ಅಂತ ಅದನ್ನು ಇಟ್ಟುಕೊಂಡಿರುವ ಕಂಪ್ಯೂಟರ್‌ಗೂ, ಅಂದರೆ ಸರ್ವರ್‌ಗೂ, ಗೊತ್ತಾಗಬಾರದು. 1995ರಿಂದ ಇರುವ ವಿಚಾರ ಇದು. ಕಾಯಿಲೆಯ ಹೆಸರು ಹುಡುಕುವವರ ಗುಟ್ಟು ಉಳಿಯಲೇಬೇಕು, ಅಲ್ವಾ? ಆದರೆ ಮೊದಲೇ ತಯಾರಿ ಮಾಡಿಡದಿದ್ದರೆ ಸರ್ವರ್ ಪ್ರತಿ ಸಲವೂ ಎಲ್ಲ ದಾಖಲೆಗಳನ್ನೂ ಮುಟ್ಟಬೇಕು. ಒಂದನ್ನು ಬಿಟ್ಟರೂ ಅದು ನಮಗೆ ಬೇಡವಾಗಿತ್ತು ಅಂತ ತಿಳಿದುಬಿಡುತ್ತದೆ. ಹಾಗಾಗಿ ತುಂಬಾ ನಿಧಾನ.

ಒಂದೇ ಲೆಕ್ಕವನ್ನು ಸಾವಿರಾರು ದಾಖಲೆಗಳ ಮೇಲೆ ಒಟ್ಟಿಗೆ ಮಾಡುವುದು ಜಿಪಿಯುಗೆ (ಕಂಪ್ಯೂಟರ್‌ನ ಗ್ರಾಫಿಕ್ಸ್ ಚಿಪ್‌ಗೆ) ಹೇಳಿ ಮಾಡಿಸಿದ ಕೆಲಸ, ಹಾಗಾಗಿ ಈ ಹುಡುಕಾಟವನ್ನು ಅದರಿಂದ ಬೇಗ ಮಾಡಿಸಬಹುದು. ಡೇಟಾ ಮಾತ್ರ ಅದರ ಮೆಮೊರಿಯಲ್ಲೇ ಇರಬೇಕು. ಪ್ರತಿ ಸಲ ಹೊರಗಿನಿಂದ ಸಾಗಿಸಿದರೆ ಉಳಿಸಿದ ಸಮಯವೆಲ್ಲ ಅಲ್ಲೇ ಹೋಗುತ್ತದೆ.

ಎನ್‌ವಿಡಿಯಾ ಕಂಪನಿಯ ಜಿಪಿಯು ಇರುವ ಲ್ಯಾಪ್‌ಟಾಪ್ ಇದ್ದವರು ಪೂರ್ತಿ ಚಾರ್ಜ್ ಮಾಡಿಕೊಂಡು ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.