ದುಡ್ಡು 1 ಟಿಬಿಗೆ, ಸಿ ಡ್ರೈವ್ ಮಾತ್ರ ಹಳೆಯ ಅಳತೆಗೆ: ಸೇವಾ ಕೇಂದ್ರದ ಮೇಲೊಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ,
ಕೇಂದ್ರ ಕಚೇರಿ, ಬೆಂಗಳೂರು

ಇವರಿಂದ,
ಡಿಟಿಪಿ ಅಂಗಡಿಯ ಮಾಲೀಕ,
ದಾವಣಗೆರೆ

ವಿಷಯ: ಲ್ಯಾಪ್‌ಟಾಪಿನ ಎಸ್‌ಎಸ್‌ಡಿ (ಡೇಟಾ ಇಡುವ ಡಿಸ್ಕ್) ಬದಲಿಸಿದ ಮೇಲೂ ಬಳಕೆಗೆ ಸಿಗದೆ ಉಳಿದಿರುವ 693 ಜಿಬಿ ಜಾಗವನ್ನು, ಫಾರ್ಮ್ಯಾಟ್ ಮಾಡದೆ, ಸಿ ಡ್ರೈವಿಗೆ ಸೇರಿಸಿಕೊಡುವ ಬಗ್ಗೆ.

ಮಾನ್ಯರೇ,

ನಿಮ್ಮ ದಾವಣಗೆರೆ ಸೇವಾ ಕೇಂದ್ರದಲ್ಲಿ ನನ್ನ ಲ್ಯಾಪ್‌ಟಾಪಿನ 256 ಜಿಬಿ ಎಸ್‌ಎಸ್‌ಡಿ ತೆಗೆಸಿ 1 ಟಿಬಿಯದನ್ನು ಹಾಕಿಸಿದ್ದೇನೆ. ಬಿಲ್ಲಿನಲ್ಲಿ ಡಿಸ್ಕಿನ ಬೆಲೆ ಬೇರೆ, ‘ಡೇಟಾ ವರ್ಗಾವಣೆ ಮತ್ತು ಸಂಪೂರ್ಣ ಸೆಟಪ್’ ಎಂದು 1,500 ರೂಪಾಯಿ ಬೇರೆ, ಅದರ ಮೇಲೆ ಶೇ. 18 ಜಿಎಸ್‌ಟಿ. ಪ್ರತಿಯನ್ನು ಲಗತ್ತಿಸಿದ್ದೇನೆ. ಅಂಗಡಿಗೆ ತಂದು ಫೋಟೋಶಾಪಿನಲ್ಲಿ ಒಂದು ಫ್ಲೆಕ್ಸ್ ಕೆಲಸ ತೆರೆದರೆ ಮತ್ತೆ ಅದೇ ಹಳೆಯ ರಾಗ: ಸ್ಕ್ರ್ಯಾಚ್ ಡಿಸ್ಕ್ (ಫೋಟೋಶಾಪ್ ಕೆಲಸದ ನಡುವೆ ತಾತ್ಕಾಲಿಕವಾಗಿ ಬಳಸುವ ಜಾಗ) ತುಂಬಿದೆ. ಆ ಸಂದೇಶ ನೋಡಿ ನೋಡಿ ಸಾಕಾಗಿಯೇ ನಾನು ಡಿಸ್ಕ್ ಬದಲಿಸಲು ಹೊರಟಿದ್ದು.

ಸಿ ಡ್ರೈವ್ ನೋಡಿದರೆ 237 ಜಿಬಿ. ಹಳೆಯ ಡಿಸ್ಕಿನಲ್ಲಿ ಎಷ್ಟಿತ್ತೋ ಅಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಡಿಸ್ಕಿನ ಜಾಗ ಹೇಗೆ ಹಂಚಿದೆ ಎಂದು ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ ಮೇಲೆ ವಿಷಯ ಗೊತ್ತಾಯಿತು. ಎಡಗಡೆ ಕಂಪ್ಯೂಟರ್ ಶುರುವಾಗಲು ಬೇಕಾದ 100 ಎಂಬಿಯ ಇಎಫ್‌ಐ ವಿಭಾಗ, ಆಮೇಲೆ ಸಿ, ಅದಕ್ಕೆ ಅಂಟಿಕೊಂಡು, ವಿಂಡೋಸ್ ಕೆಟ್ಟರೆ ಸರಿಪಡಿಸಲು ಇರುವ ಸುಮಾರು 700 ಎಂಬಿಯ ರಿಕವರಿ ವಿಭಾಗ, ಅದರಾಚೆ ಉದ್ದಕ್ಕೂ ಕಪ್ಪು ಪಟ್ಟಿ: 693 ಜಿಬಿ, ಅನ್‌ಅಲೊಕೇಟೆಡ್ (ಯಾವ ಡ್ರೈವಿಗೂ ಹಂಚದ ಜಾಗ). ಅಂದರೆ ದುಡ್ಡು ಕೊಟ್ಟು ಕೊಂಡ ಜಾಗದಲ್ಲಿ ಮುಕ್ಕಾಲು ಪಾಲು ಡಿಸ್ಕಿನೊಳಗೇ ಇದೆ, ಒಂದು ಮದುವೆ ಪತ್ರಿಕೆಯ ಫೈಲ್ ಇಡಲಿಕ್ಕೂ ಬರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಾಲ್ ಸೆಂಟರಿನವರು ಶುರುವಿನಲ್ಲಿ ನನ್ನನ್ನು ಆ ದಾರಿಗೇ ಎಳೆದರು. 1 ಟಿಬಿ ಡಿಸ್ಕು ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುತ್ತದಲ್ಲ, ನನ್ನ ತಕರಾರು ಅದಲ್ಲ. ತಯಾರಕರು ಒಂದು ಲಕ್ಷ ಕೋಟಿ ಬೈಟನ್ನು ಒಂದು ಟಿಬಿ ಎನ್ನುತ್ತಾರೆ, ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ. ಈ ಕಾರಣಕ್ಕೇ ಹಳೆಯ 256 ಕೂಡ 238 ಎಂದು ಕಾಣುತ್ತಿತ್ತು. 931ರಲ್ಲಿ 238 ಕಳೆದರೆ ಉಳಿಯುವ 693 ಎಲ್ಲಿ ಎಂಬುದಷ್ಟೇ ನನ್ನ ಪ್ರಶ್ನೆ. ಅದಕ್ಕೆ ಉತ್ತರವಾಗಿ ಕಾಲ್ ಸೆಂಟರಿನಾಕೆ ಮತ್ತೆ ಬೈಟುಗಳ ಪಾಠವನ್ನೇ ಮಾಡಿದರು.

ಆಗಿರುವುದೇನೆಂದು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ನಿಮ್ಮವರು ಹಳೆಯ ಡಿಸ್ಕನ್ನು ಹೊಸದಕ್ಕೆ ಕ್ಲೋನ್ ಮಾಡಿದ್ದಾರೆ. ವಿಭಾಗಗಳು ಹಳೆಯದರಲ್ಲಿ ಯಾವ ಅಳತೆಯಲ್ಲಿ, ಯಾವ ಸಾಲಿನಲ್ಲಿ ಇದ್ದವೋ ಹಾಗೆಯೇ ಇಲ್ಲಿಗೂ ಬಂದಿವೆ. ದೊಡ್ಡ ಡಿಸ್ಕಿಗೆ ಕ್ಲೋನ್ ಮಾಡುವಾಗ ಸಿ ವಿಭಾಗವನ್ನು ಹಿಗ್ಗಿಸಿ ಕೂರಿಸುವ ಆಯ್ಕೆ ಈ ಕೆಲಸದ ಬಹುತೇಕ ಸಾಫ್ಟ್‌ವೇರುಗಳಲ್ಲಿ ಇರುತ್ತದೆ, ಅದನ್ನು ಆರಿಸಿಲ್ಲ. ಆಮೇಲೆ ಒಮ್ಮೆ ಡ್ರೈವಿನ ಗಾತ್ರ ನೋಡಿದ್ದರೂ ಗೊತ್ತಾಗುತ್ತಿತ್ತು, ಅದನ್ನೂ ನೋಡಿಲ್ಲ. ವಿಂಡೋಸ್ ಲಾಗಿನ್ ಪರದೆ ಬಂತು, ಕೊಟ್ಟು ಕಳಿಸಿದರು. ‘ಸಂಪೂರ್ಣ ಸೆಟಪ್’ ಎಂದರೆ ಇಷ್ಟೇನೇ?

ಸಿ ಮೇಲೆ ಬಲ ಕ್ಲಿಕ್ ಮಾಡಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ (ಡ್ರೈವ್ ಹಿಗ್ಗಿಸುವ ಆಯ್ಕೆ) ಮಸುಕಾಗಿದೆ, ಒತ್ತಲು ಬರುವುದಿಲ್ಲ. ಖಾಲಿ ಜಾಗ ಸಿಯ ಬಲಕ್ಕೆ ತಾಗಿಕೊಂಡೇ ಇದ್ದರೆ ಮಾತ್ರ ವಿಂಡೋಸ್ ಅದನ್ನು ಸೇರಿಸಿಕೊಳ್ಳುತ್ತದೆ, ಇಲ್ಲಿ ನಡುವೆ ರಿಕವರಿ ವಿಭಾಗ ಕೂತಿದೆ. ಪಕ್ಕದ ಸೈಟು ನನ್ನ ಹೆಸರಿಗೇ ರಿಜಿಸ್ಟರ್ ಆಗಿದೆ, ಹೋಗಲು ಮಾತ್ರ ಕಾಂಪೌಂಡ್ ಗೋಡೆ ಅಡ್ಡ.

ಸೇವಾ ಕೇಂದ್ರಕ್ಕೆ ಹೋಗಿ ಕೇಳಿದರೆ ಕೌಂಟರಿನ ಹುಡುಗ, “ಸಾರ್, ಇದಕ್ಕೆ ಫುಲ್ ಫಾರ್ಮ್ಯಾಟ್ ಹೊಡೀಬೇಕು, ರಿಕವರಿ ಪಾರ್ಟಿಷನ್ ಮುಟ್ಟಂಗಿಲ್ಲ, 2,000 ಎಕ್ಸ್‌ಟ್ರಾ ಆಗ್ತದೆ” ಅಂದ. ಡೇಟಾ ಹೋದರೆ ನಮ್ಮ ಜವಾಬ್ದಾರಿಯಲ್ಲ ಎಂಬ ಕಾಗದಕ್ಕೆ ಸಹಿಯನ್ನೂ ಕೇಳಿದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಮೇಲಿನವರು ಹೇಳಿಕೊಟ್ಟಿದ್ದನ್ನು ಹೇಳಿದ್ದಾನೆ. ಹೇಳಿಕೊಟ್ಟವರು ಯಾರು ಎಂಬುದು ನಿಮಗೆ ಬಿಟ್ಟ ವಿಚಾರ.

ರಿಕವರಿ ವಿಭಾಗವನ್ನು ಮುಟ್ಟಲೇಬಾರದು ಎನ್ನುವುದು ಸುಳ್ಳು. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಎಂಬ ಅಪ್‌ಡೇಟ್, ರಿಕವರಿ ವಿಭಾಗದಲ್ಲಿ ಜಾಗ ಸಾಲದೆ ಎಷ್ಟೋ ಕಂಪ್ಯೂಟರುಗಳಲ್ಲಿ ಕೈಕೊಟ್ಟಿತು. ಆಗ ಮೈಕ್ರೋಸಾಫ್ಟೇ ಪರಿಹಾರ ಪ್ರಕಟಿಸಿತು: ರಿಕವರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಸಿ ಡ್ರೈವಿನಿಂದ 250 ಎಂಬಿ ಕುಗ್ಗಿಸಿ, ಆ ವಿಭಾಗವನ್ನು ಅಳಿಸಿ, ದೊಡ್ಡದಾಗಿ ಮತ್ತೆ ಕಟ್ಟಿ, ಪುನಃ ಚಾಲೂ ಮಾಡಿ ಎಂದು. ವಿಂಡೋಸ್ ಮಾಡಿದವರೇ ಮುಟ್ಟಿ ಎಂದು ಬರೆದು ತಿಳಿಸಿರುವುದನ್ನು ನಿಮ್ಮ ಅಧಿಕೃತ ಕೇಂದ್ರ ಮುಟ್ಟಂಗಿಲ್ಲ ಎನ್ನುತ್ತದೆ.

ನನ್ನ ಲ್ಯಾಪ್‌ಟಾಪಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅದೇ ಕೆಲಸ. ಮೊದಲು ಬ್ಯಾಕಪ್. ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದನ್ನು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀಲಿ ಕೈಯಲ್ಲಿದೆಯೇ ಎಂದು ನೋಡಬೇಕು. (ಡಿಸ್ಕ್ ಬದಲಿಸುವ ದಿನ ನಿಮ್ಮವರು ಬಿಟ್‌ಲಾಕರ್ ಇದೆಯೇ ಎಂದೂ ಕೇಳಲಿಲ್ಲ. ಯಾರಾದರೊಬ್ಬ ಗ್ರಾಹಕರು ಇದರಿಂದಲೇ ಪೂರ್ತಿ ಡೇಟಾ ಕಳೆದುಕೊಳ್ಳುವ ಮುನ್ನ ಎಚ್ಚೆತ್ತುಕೊಳ್ಳಿ.) ‘ರಿಏಜೆಂಟ್‌ಸಿ’ ಆದೇಶದಿಂದ ರಿಕವರಿಯನ್ನು ನಿಲ್ಲಿಸಿದರೆ ಅದರ ಫೈಲ್ ಸಿ ಡ್ರೈವಿಗೆ ಬಂದು ಕೂರುತ್ತದೆ. ಆಮೇಲೆ ವಿಂಡೋಸಿನದೇ ಸಾಧನವಾದ ಡಿಸ್ಕ್‌ಪಾರ್ಟಿನಲ್ಲಿ ಆ 700 ಎಂಬಿ ವಿಭಾಗ ಅಳಿಸಿ, ಕೊನೆಯಲ್ಲಿ 1 ಜಿಬಿ ಬಿಟ್ಟು ಉಳಿದದ್ದನ್ನೆಲ್ಲ ಸಿಗೆ ಸೇರಿಸಿ, ಬಿಟ್ಟ ಜಾಗದಲ್ಲಿ ಹೊಸ ರಿಕವರಿ ವಿಭಾಗ ಕಟ್ಟಿ ಮತ್ತೆ ಚಾಲೂ ಮಾಡುವುದು. ಬ್ಯಾಕಪ್ಪಿನ ಹೊತ್ತು ಬಿಟ್ಟರೆ ಇದು ಅರ್ಧ ದಿನದ ಕೆಲಸವೂ ಅಲ್ಲ. ಫಾರ್ಮ್ಯಾಟಿನ ಮಾತು ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದವರು ನೀವೇ ಮಾಡಿಕೊಳ್ಳಬಹುದಲ್ಲ ಎಂದೀರಿ. ಮಾಡಿಕೊಂಡರೆ ‘ಗ್ರಾಹಕರು ಸ್ವತಃ ಮಾಡಿದ ಬದಲಾವಣೆಗೆ ನಾವು ಹೊಣೆಯಲ್ಲ’ ಎಂದು ನಿಮ್ಮ ಬಿಲ್ಲಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದೆ. ಅದಕ್ಕಿಂತ ಮುಖ್ಯವಾಗಿ, ಈ ಕೆಲಸಕ್ಕೆ ನಾನು ಆಗಲೇ ದುಡ್ಡು ಕೊಟ್ಟಿದ್ದೇನೆ.

ಫಾರ್ಮ್ಯಾಟ್ ಬೇಡವೆಂದು ನಾನು ಹಟ ಹಿಡಿಯಲು ಕಾರಣವಿದೆ. ಡಿಟಿಪಿ ಅಂಗಡಿಯ ಕಂಪ್ಯೂಟರು ಎಂದರೆ ಬರೀ ಫೈಲುಗಳಲ್ಲ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಬೇರೆ ಬೇರೆ ಆವೃತ್ತಿಗಳು, ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಟೈಪು ಮಾಡಿದ ಹಳೆಯ ಗಿರಾಕಿಗಳ ಪುಟಗಳು, ಹಳೆಯ ಕೋರೆಲ್‌ಡ್ರಾ, ಪ್ರಿಂಟರಿನ ಕಲರ್ ಸೆಟ್ಟಿಂಗ್, ಇವೆಲ್ಲ ವರ್ಷಗಟ್ಟಲೆ ಹೊಂದಿಸಿ ಕೂರಿಸಿದವು. ಫಾಂಟಿನ ಆವೃತ್ತಿ ಒಂದು ಬದಲಾದರೂ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಒತ್ತು ತಪ್ಪಿದರೆ ಬೈಸಿಕೊಳ್ಳುವವನು ನಾನು, ನಿಮ್ಮ ಎಂಜಿನಿಯರ್ ಅಲ್ಲ. ಮೇಲಾಗಿ ಇದು ಮದುವೆ ಸೀಸನ್.

ನಿಮ್ಮ ಕಡೆಯಿಂದ ಇನ್ನೆರಡು ಸಲಹೆ ಬಂದವು. ಕಪ್ಪು ಪಟ್ಟಿಯ ಜಾಗವನ್ನು ಡಿ ಡ್ರೈವ್ ಮಾಡಿಕೊಳ್ಳಿ ಎಂಬುದು ಮೊದಲನೆಯದು. ಡಿ ಡ್ರೈವ್ ಇಟ್ಟುಕೊಳ್ಳುವುದು ತಪ್ಪೇನಲ್ಲ, ಎಷ್ಟೋ ಜನಕ್ಕೆ ಅದೇ ಅನುಕೂಲ, ಫೋಟೋಶಾಪಿನ ಸ್ಕ್ರ್ಯಾಚನ್ನೂ ಅಲ್ಲಿಗೆ ತಿರುಗಿಸಬಹುದು. ಆದರೆ ವಿಂಡೋಸ್ ಅಪ್‌ಡೇಟು, ಪ್ರೋಗ್ರಾಮುಗಳು, ಅವುಗಳ ತಾತ್ಕಾಲಿಕ ಫೈಲುಗಳು ಮುಖ್ಯವಾಗಿ ತುಂಬುವುದು ಸಿಯನ್ನೇ. ಅದು ಈಗಲೇ ಕೆಂಪು ತೋರಿಸುತ್ತಿದೆ. ಡಿಸ್ಕ್ ಬದಲಿಸಲು ಲ್ಯಾಪ್‌ಟಾಪ್ ಬಿಡುವಾಗ ಎಲ್ಲವೂ ಸಿಗೇ ಬೇಕೆಂದು ಹೇಳಿದ್ದೆ, ಅದು ನಿಮ್ಮ ಜಾಬ್ ಶೀಟಿನಲ್ಲೂ ಬರೆದಿದೆ.

ಎರಡನೆಯ ಸಲಹೆ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ: “ಖಾಲಿ ಜಾಗ ಬಿಟ್ಟರೆ ಎಸ್‌ಎಸ್‌ಡಿ ಆಯುಷ್ಯ ಹೆಚ್ಚಾಗ್ತದೆ ಸಾರ್.” ಆ ಮಾತಿನಲ್ಲಿ ಒಂದಿಷ್ಟು ನಿಜವಿದೆ. ಶೇ. 10ರಷ್ಟು ಹಾಗೆಯೇ ಬಿಡುವವರಿದ್ದಾರೆ. ಶೇ. 74 ಬಿಡುವವರನ್ನು ನಾನು ಕಂಡಿಲ್ಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಲ್ಯಾಪ್‌ಟಾಪಿನ ಪೂರ್ತಿ ಬ್ಯಾಕಪ್ ತೆಗೆದು, ಫಾರ್ಮ್ಯಾಟ್ ಮಾಡದೆ, ಬೇರೆ ಶುಲ್ಕ ಕೇಳದೆ 693 ಜಿಬಿಯನ್ನು ಸಿಗೆ ಸೇರಿಸಿಕೊಡಬೇಕು, ರಿಕವರಿ ವಿಭಾಗವೂ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಡೇಟಾದ ಹೊಣೆ ನಿಮ್ಮದೆಂದು ಜಾಬ್ ಶೀಟಿನಲ್ಲಿ ಬರೆದುಕೊಡಬೇಕು. ಇದು ನಿಮ್ಮಿಂದ ಆಗದಿದ್ದರೆ ಸೆಟಪ್ ಎಂದು ಪಡೆದ 1,500 ರೂಪಾಯಿಯನ್ನೂ ಅದರ ಜಿಎಸ್‌ಟಿ 270 ರೂಪಾಯಿಯನ್ನೂ ವಾಪಸ್ ಮಾಡಿ, ಬೇರೆಯವರಿಂದ ಮಾಡಿಸಿಕೊಂಡರೂ ಡಿಸ್ಕಿನ ವಾರಂಟಿಗೆ ಧಕ್ಕೆಯಿಲ್ಲ ಎಂದು ಪತ್ರ ಕೊಡಿ. ಎರಡರಲ್ಲಿ ಯಾವುದಾದರೂ ನನಗೆ ಒಪ್ಪಿಗೆ.

15 ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಅಲ್ಲಿಂದಲೂ ಆಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಹಣ ಪಡೆದ ಕೆಲಸವನ್ನು ಅರ್ಧಕ್ಕೆ ಬಿಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ. ಅಂಗಡಿಯ ಕಂಪ್ಯೂಟರ್ ಆದ್ದರಿಂದ ನಾನು ಗ್ರಾಹಕನೇ ಅಲ್ಲ ಎಂದು ನಿಮ್ಮ ವಕೀಲರು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನ ಬಳಕೆಯನ್ನು ಆ ಕಾಯ್ದೆ ವಾಣಿಜ್ಯ ಉದ್ದೇಶವೆಂದು ಎಣಿಸುವುದಿಲ್ಲ. ನಾನು ವಾಸವಿರುವ ಊರಿನಲ್ಲೇ ದೂರು ಕೊಡಲು ಅವಕಾಶವಿದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಹಾಗಾಗಿ ಬೆಂಗಳೂರಿಗೆ ಓಡಾಡುವ ಖರ್ಚಿಗೆ ಹೆದರಿ ಸುಮ್ಮನಾಗುತ್ತೇನೆ ಎಂದುಕೊಳ್ಳಬೇಡಿ.

ಕೆಲಸಕ್ಕೆ ಒಪ್ಪುವುದಾದರೆ ಶನಿವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಲ್ಯಾಪ್‌ಟಾಪ್ ತಂದುಕೊಡುತ್ತೇನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮುಂಚೆ ವಾಪಸ್ ಬೇಕು, ಆವತ್ತು ಎರಡು ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಗಬೇಕಿದೆ.

ಇಂತಿ ನಿಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಬಿಲ್ ಮತ್ತು ಜಾಬ್ ಶೀಟಿನ ಪ್ರತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಚಿತ್ರ